ಚಪ್ಪಲಿ ಜಾರಿದ್ದು ಗೊತ್ತಾಗುತ್ತಾ?

ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದುವಾಗ, ಕಾಲು ಸೋಲುತ್ತೆ ಅಂತ ಬಂದವರಿಗೆ ನರದ ತಪಾಸಣೆಯಲ್ಲಿ ನಾವು ತಪ್ಪದೆ ಕೇಳುತ್ತಿದ್ದ ಮಾತೊಂದಿತ್ತು. "ನಡಿಯೋವಾಗ ಚಪ್ಪಲಿ ಜಾರತಾವೇನ್ರಿ? ಜಾರಿದ್ದು ಗೊತ್ತಾಗತೈತೋ ಇಲ್ಲೋ?" ಗೊತ್ತಾಗಿಯೂ ಹಿಡಿದುಕೊಳ್ಳಲು ಆಗದಿದ್ದರೆ ಪಾದದಲ್ಲಿ ಶಕ್ತಿ ಇಲ್ಲ. ನಾಲ್ಕು ಹೆಜ್ಜೆ ಹೋದಮೇಲೆ ಬರಿಗಾಲು ಕಣ್ಣಿಗೆ ಬಿದ್ದರೆ, ಸ್ಪರ್ಶವೇ ಹೋಗಿದೆ. ಮೊಣಕಾಲಿಗೆ ಬಡಿದು ನೋಡುವ ಸುತ್ತಿಗೆ ಕೈಗೆತ್ತಿಕೊಳ್ಳುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತಿತ್ತು.

ಈಗ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದೇನೆ. ಇಲ್ಲಿ ಆ ಪ್ರಶ್ನೆ ನಡೆಯುವುದಿಲ್ಲ, ಎಲ್ಲರದ್ದೂ ಲೇಸು ಕಟ್ಟಿದ ಶೂ. ಫುಟ್‌ಪಾತ್ ಅಂಚಿಗೆ ಕಾಲು ತಗಲುತ್ತಾ, ಬೀಗದ ಕೈ ತಿರುಗಿಸೋಕೆ ಆಗುತ್ತಾ ಅಂತ ಕೇಳುತ್ತೇನೆ. ಊರಲ್ಲಾದರೆ ಅನ್ನ ಕಲಸೋಕೆ ಆಗುತ್ತಾ, ಕುಕ್ಕರುಗಾಲಲ್ಲಿ ಕೂತರೆ ಏಳೋಕೆ ಆಗುತ್ತಾ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ವಾಲಾಡ್ತೀರಾ ಅನ್ನುವುದು ಮಾತ್ರ ಎರಡೂ ಕಡೆ ಸಲ್ಲುತ್ತೆ. ಕಾಲು ಎಲ್ಲಿದೆ ಅನ್ನುವ ಅರಿವು ಹೋದವರು ಕಣ್ಣಿನ ಬಲದಿಂದ ನಿಂತಿರುತ್ತಾರೆ. ಕಣ್ಣು ಮುಚ್ಚಿಸಿ ನಿಲ್ಲಿಸಿ ನೋಡುವ ರಾಂಬರ್ಗ್ ಪರೀಕ್ಷೆಯನ್ನು ಅವರು ಬಚ್ಚಲಲ್ಲಿ ದಿನಾ ಮಾಡಿಕೊಂಡೇ ಬಂದಿರುತ್ತಾರೆ.

ಮುಟ್ಟುವ ವಿಷಯದಲ್ಲಿ ಮಾತ್ರ ಇಲ್ಲಿನವರದ್ದೇ ಮೇಲು. ಪರದೆ ಎಳೆಯುತ್ತಾರೆ, ಏನು ಮಾಡುತ್ತೇನೆ ಅಂತ ಹೇಳುತ್ತಾರೆ, ಒಪ್ಪಿದ ಮೇಲೆ ಕೈ ಹಾಕುತ್ತಾರೆ. ನಾವು ಹತ್ತು ಹುಡುಗರು ಒಂದೇ ಮಂಚ ಸುತ್ತುವರಿದು, ಒಬ್ಬರಾದ ಮೇಲೆ ಒಬ್ಬರು ಅದೇ ಮೊಣಕಾಲಿಗೆ ಬಡಿಯುತ್ತಿದ್ದೆವು. ನೆನೆದರೆ ಈಗಲೂ ನಾಚಿಕೆ.

ಅಂಗಾಲಿನದ್ದೇ ಬೇರೆ ಕಥೆ. ಅಂಗಾಲಿನ ಹೊರ ಅಂಚನ್ನು ಗೀರಿದರೆ ಹೆಬ್ಬೆರಳು ಕೆಳಗೆ ಬಾಗಬೇಕು. ಮೇಲೆದ್ದರೆ ಮಿದುಳಲ್ಲೋ ಬೆನ್ನುಹುರಿಯಲ್ಲೋ ಪೆಟ್ಟಿದೆ ಅಂತ ಫ್ರಾನ್ಸಿನ ನರವೈದ್ಯ ಬಾಬಿನ್ಸ್ಕಿ 1896ರಲ್ಲೇ ತೋರಿಸಿದ. ಕೂಸುಗಳಲ್ಲಿ ಮೇಲೆದ್ದರೆ ತೊಂದರೆ ಇಲ್ಲ. ಆದರೆ ಬರಿಗಾಲಲ್ಲಿ ಹೊಲ ತಿರುಗಿದ ಅಜ್ಜನ ಅಂಗಾಲು ಎಮ್ಮೆ ಚರ್ಮದ ಹಾಗೆ, ಗೀರಿದ್ದು ಗೊತ್ತೇ ಆಗುವುದಿಲ್ಲ. ಆಗ ಪಾದದ ಕೀಲಿನ ಹೊರಗಡೆಯ ಮೂಳೆಗಂಟಿನ ಕೆಳಗೆ, ಪಾದದ ಪಕ್ಕ ಗೀರುತ್ತಿದ್ದೆವು, ಚಾಡಕ್ ವಿಧಾನ. ಅಜ್ಜ ಮಾತ್ರ "ಅಯ್ಯೋ, ಕಾಲು ಮುಟ್ಟಬ್ಯಾಡ್ರಿ ಡಾಕ್ಟ್ರ" ಅಂತ ಕಾಲೇ ಎಳೆದುಕೊಳ್ಳುತ್ತಿದ್ದ. ಅದು ಮರ್ಯಾದೆಗೋ, ಕಚಗುಳಿಗೋ, ನರದ ಕಾಯಿಲೆಗೋ? ನೀವೇ ಹೇಳಿ.

ನನ್ನ ನಿಜವಾದ ತಕರಾರು ಮಾತಿನ ಪರೀಕ್ಷೆಯ ಬಗ್ಗೆ. ರೋಗಿಗೆ ಎಷ್ಟು ಪ್ರಜ್ಞೆ ಇದೆ ಅಂತ ಅಳೆಯೋಕೆ 1974ರಲ್ಲಿ ಇದೇ ಊರಲ್ಲಿ ಹುಟ್ಟಿದ ಗ್ಲಾಸ್ಗೋ ಕೋಮಾ ಸ್ಕೇಲಿನ 15 ಅಂಕದಲ್ಲಿ 5 ಮಾತಿಗೇ ಮೀಸಲು. ಆ ಮಾತು ಯಾವ ಭಾಷೆಯದ್ದು ಅನ್ನುವ ಪ್ರಶ್ನೆ ರೋಗಿ ಇಂಗ್ಲಿಷ್ ಬಾರದವರಾದಾಗಲೇ ಏಳೋದು, ಅಲ್ವಾ?

ಕಳೆದ ಜುಲೈನಲ್ಲಿ ಗೆಳೆಯನ ತಾಯಿಯನ್ನು ಮರೆವಿನ ತಪಾಸಣೆಗೆ ಕರೆದುಕೊಂಡು ಹೋಗಿದ್ದೆವು. ಅಮ್ಮ ತೀರ್ಥಹಳ್ಳಿ ಕಡೆಯವರು. ದುಭಾಷಿ ಸಿಗಲಿಲ್ಲ, ಮಗನೇ ಅನುವಾದ ಮಾಡಿದ. 30 ಅಂಕದ ಪ್ರಶ್ನೆಪಟ್ಟಿ. ಈಗ ಯಾವ ಕಾಲ? "ಮಳೆಗಾಲ." ಕಿಟಕಿಯಾಚೆ ಜಿಟಿಜಿಟಿ ಮಳೆ ಬೇರೆ. ಪಟ್ಟಿಗೆ ಬೇಕಿದ್ದದ್ದು ಬೇಸಿಗೆ. ತಾರೀಖು? "ಆಷಾಢ ಬಹುಳ ದ್ವಾದಶಿ." ಮಗ ಕಕ್ಕಾಬಿಕ್ಕಿ. ನಾನು ಮೊಬೈಲಲ್ಲಿ ಪಂಚಾಂಗ ತೆಗೆದು ನೋಡಿದೆ, ಸರಿಯಾಗಿತ್ತು. ಆಮೇಲೆ 'ವರ್ಲ್ಡ್' ಅನ್ನುವ ಇಂಗ್ಲಿಷ್ ಪದದ ಐದು ಅಕ್ಷರ ಹಿಂದಿನಿಂದ ಹೇಳಬೇಕು. ಮಗ 'ಪ್ರಪಂಚ' ಅಂದ. "ಚ, ಪಂ, ಪ್ರ" ಅಂದರು ಅಮ್ಮ. ಮೂರೇ ಆಯಿತು. ಇನ್ನೆರಡು ಅಂಕ ಎಲ್ಲಿಂದ ತರುವುದು?

ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇಂಥ ಪರೀಕ್ಷೆಗಳನ್ನು ಹೊಂದಿಸಿಟ್ಟಿದೆ. ಇಲ್ಲಿನ ಕ್ಲಿನಿಕ್ಕಿಗೆ ಅದು ಬಂದಿರಲಿಲ್ಲ.

ಸುಮ್ನೆ ಅಮ್ಮನ ಪರ ವಾದ ಮಾಡುತ್ತಿಲ್ಲ. ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕನ್ನಡದಲ್ಲೇ ಕೇಳಿದೆ. ಒಂದೂ ನೆನಪಿರಲಿಲ್ಲ. ಕೊಟ್ಟೆ ಕಡುಬು ಹೇಗೆ ಮಾಡ್ತೀರಿ ಅಮ್ಮ ಅಂದರೆ, ಕೊಟ್ಟೆ ಕಟ್ಟಿದರು, ಹಿಟ್ಟು ಹೊಯ್ದರು, ಮತ್ತೆ ಕೊಟ್ಟೆ ಕಟ್ಟೋದಕ್ಕೇ ಬಂದರು. ಒಲೆ ಹತ್ತಲೇ ಇಲ್ಲ. ತೊಂದರೆ ಇದ್ದದ್ದು ಅಲ್ಲಿ. ಪಟ್ಟಿ ಅಂಕ ಕಳೆದದ್ದು ಬೇರೆಲ್ಲೋ.

ಆ ಡಾಕ್ಟರಮ್ಮ ಒಳ್ಳೆಯವರು, ಕೂತು ಕೇಳಿಸಿಕೊಂಡರು. ತಾರೀಖಿನ ಮುಂದಿದ್ದ ಸೊನ್ನೆ ಹೊಡೆದು ಒಂದು ಹಾಕಿದರು, ಪಕ್ಕದಲ್ಲಿ 'ದ್ವಾದಶಿ' ಅಂತ ಬರೆಯೋಕೆ ನನ್ನ ಹತ್ತಿರ ಸ್ಪೆಲ್ಲಿಂಗ್ ಕೇಳಿದರು.