ಉಲ್ಟಾ ಚೂಡಿ

ನಮ್ಮ ಪಿಕಪ್‌ಗೆ ಹಾರ್ನ್ ಇದೆ, ಕೂಗಲ್ಲ ಅಷ್ಟೇ. ಕೂಗಬೇಕು ಅಂತ ನನಗೂ ಯಾವತ್ತೂ ಅನ್ನಿಸಿರಲಿಲ್ಲ. ಗಾಡಿ ಹನುಮಂತನಗರದ ನಮ್ಮ ರಸ್ತೆಗೆ ತಿರುಗಿ ಮೊದಲ ಹಂಪ್ ಹತ್ತಿದರೆ ಸಾಕು, ಮುಂದಿನ ಕಮಾನ್ ಪಟ್ಟಿಗಳು 'ಕೀಂಯ್ಯ್... ಟಕ್' ಅಂತ ಅರಚುತ್ತಿದ್ದವು. ಅದನ್ನು ಕೇಳಿಯೇ ಅಮ್ಮ ಅಡುಗೆಮನೆಯಲ್ಲಿ ಹಾಲು ಒಲೆ ಮೇಲೆ ಇಡುತ್ತಿದ್ದರು. ನಾನು ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು (ಹ್ಯಾಂಡ್‌ಬ್ರೇಕ್ ವಿಷಯ ಈಗ ಬೇಡ) ಒಳಗೆ ಬರುವಷ್ಟರಲ್ಲಿ ಕಾಫಿ ರೆಡಿ.

1965ರ ಜೀಪ್ ಅದು. ತಾತ ತೋಟದ ಕೆಲಸಕ್ಕೆ ಅಂತ ಕೊಂಡರು, ಆಮೇಲೆ ಹಿಂದಿನ ಸೀಟು ಕಿತ್ತು, ತೊಟ್ಟಿ ಕೂರಿಸಿ ಪಿಕಪ್ ಮಾಡಿಸಿದರು. ನಂಬರ್ ಇನ್ನೂ ಎಂವೈ ಅಂತಲೇ ಶುರುವಾಗುತ್ತದೆ. ಮೈಸೂರು ರಾಜ್ಯ 1973ರಲ್ಲಿ ಕರ್ನಾಟಕ ಆಯಿತು ಅಂತ ಅದಕ್ಕೆ ಯಾರೂ ಹೇಳಿದ ಹಾಗಿಲ್ಲ. ಈಚೆಗೆ ಶಬ್ದದ ಜೊತೆ ಸ್ಟೀರಿಂಗ್ ಕೂಡ ಕೈಕೊಟ್ಟಿತ್ತು. ತಿರುಗಿಸಿದರೆ ಸರ್ಕಾರಿ ಆಫೀಸಿಗೆ ಅರ್ಜಿ ಹಾಕಿದ ಹಾಗೆ. ಸ್ವಲ್ಪ ಹೊತ್ತು ಪರಿಶೀಲನೆ ನಡೆದು, ಆಮೇಲೆ ಚಕ್ರ ತಿರುಗುತ್ತಿತ್ತು.

ಬಗ್ಗಿ ನೋಡಿದೆ. ಶ್ಯಾಕಲ್ ಸವೆದಿತ್ತು. ಜೀಪಿನ ಮುಂದೆ ಇರೋದು ಪಟ್ಟಿ ಮೇಲೆ ಪಟ್ಟಿ ಜೋಡಿಸಿದ ಬಿಲ್ಲು. ಗುಂಡಿಗೆ ಇಳಿದಾಗ ಬಿಲ್ಲು ಚಪ್ಪಟೆಯಾಗಿ ಉದ್ದ ಆಗುತ್ತದೆ. ಆ ಉದ್ದಕ್ಕೆ ಜಾಗ ಬೇಕಲ್ವಾ? ಅದಕ್ಕೇ ಒಂದು ತುದಿಗೆ ಶ್ಯಾಕಲ್ ಅನ್ನೋ ಉಯ್ಯಾಲೆ. ಯು ಆಕಾರದ ಕಬ್ಬಿಣ, ಎರಡು ಕಾಲು. ಒಂದು ಕಾಲು ಚಾಸಿಗೆ (ಗಾಡಿಯ ಅಡಿಯ ಚೌಕಟ್ಟು), ಇನ್ನೊಂದು ಪಟ್ಟಿಯ ತುದಿಯ ಕಣ್ಣಿಗೆ. ಕಾಲುಗಳಿಗೆ ತಿರುಪಿನ ಥ್ರೆಡ್, ಗ್ಯಾರೇಜಿನವರ ಬಾಯಲ್ಲಿ 'ಚೂಡಿ'. ಅದರ ಮೇಲೆ ಥ್ರೆಡ್ ಇರುವ ಬುಷ್, ಅಂದರೆ ಗಿಡ್ಡ ಕೊಳವೆ. ಲೋಹಕ್ಕೆ ಲೋಹ, ಮಧ್ಯೆ ಗ್ರೀಸ್. ನಮ್ಮದರಲ್ಲಿ ಮಧ್ಯದ್ದು ಯಾವಾಗಲೋ ಖಾಲಿಯಾಗಿತ್ತು. ಥ್ರೆಡ್ ಅಗಿದ ಕಬ್ಬಿನ ಸಿಪ್ಪೆ ಥರ ಕಾಣುತ್ತಿತ್ತು.

ಆಯುಧಪೂಜೆಗೆ ನಾಲ್ಕು ದಿನ ಇತ್ತು. 'ಒಂದು ಭಾನುವಾರದ ಕೆಲಸ' ಅಂತ ಮನೆಯಲ್ಲಿ ಘೋಷಿಸಿಬಿಟ್ಟೆ.

ಜೆ.ಸಿ. ರೋಡಿನಲ್ಲಿ ಮೊದಲ ಸ್ಪೇರ್‌ಪಾರ್ಟ್ಸ್ ಅಂಗಡಿಯವನು ಮಾಡೆಲ್ ಇಸವಿ ಕೇಳಿ, 'ಸಾರ್, ವಿಶ್ವೇಶ್ವರಯ್ಯ ಮ್ಯೂಸಿಯಂ ಕಸ್ತೂರ್ಬಾ ರೋಡಲ್ಲಿದೆ' ಅಂದ. ಎರಡನೆಯವನು ಶಿವಾಜಿನಗರದ ಗುಜರಿ ಕಡೆ ಕೈ ತೋರಿಸಿದ. ಅಲ್ಲಿ ಗೇರ್‌ಬಾಕ್ಸುಗಳ ಗುಡ್ಡದ ಹಿಂದೆ ಒಬ್ಬ ಮುದುಕರು ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನಾನು ಕೇಳಿದ್ದಕ್ಕೆ ತಲೆ ಎತ್ತದೆ, 'ಉಲ್ಟಾನಾ, ಸೀದಾನಾ?' ಅಂದರು.

ಏನು ಕೇಳಿದರೋ ಅರ್ಥವಾಗಲಿಲ್ಲ. ಗೊತ್ತಿಲ್ಲ ಅಂದರೆ ರೇಟು ಜಾಸ್ತಿ ಮಾಡುತ್ತಾರೆ ಅನ್ನೋದು ಮಾತ್ರ ಗೊತ್ತಿತ್ತು. 'ಎಲ್ಲಾ ಸೀದಾ' ಅಂದೆ, ಗಟ್ಟಿಯಾಗಿ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಜಾಕ್ ಕೊಟ್ಟೆ. ಚಾಸಿ ಕೆಳಗೆ ಮರದ ದಿಮ್ಮಿ ಇಟ್ಟು ಪಟ್ಟಿ ಸಡಿಲ ಬಿಟ್ಟೆ. ಬಲಗಡೆಯ ಬುಷ್‌ಗಳು ಡೀಸೆಲ್ ಕುಡಿದು, ನಾಲ್ಕು ಏಟು ತಿಂದು, ಮರ್ಯಾದೆಯಿಂದ ಬಂದವು. ಎಂಟೂವರೆಗೆ ನಾನು ಅರ್ಧ ಮೆಕ್ಯಾನಿಕ್ ಆಗಿದ್ದೆ. ಆಮೇಲೆ ಎಡಗಡೆಗೆ ಹೋದೆ.

ಅಲ್ಲಿ ಒಂದು ಬುಷ್ ಅಲ್ಲಾಡಲಿಲ್ಲ. ಸ್ಪ್ಯಾನರ್‌ಗೆ ನೀರಿನ ಪೈಪ್ ಸಿಕ್ಕಿಸಿ ಎಳೆದೆ. ಇನ್ನಷ್ಟು ಡೀಸೆಲ್ ಹಾಕಿದೆ. ಪಕ್ಕದ ಮನೆಯ ಹುಡುಗನನ್ನು ಕರೆದು ಪೈಪಿಗೆ ಜೋತುಬೀಳಿಸಿದೆ. ಅಷ್ಟರಲ್ಲಿ ರಸ್ತೆಯಲ್ಲಿ ಸಭೆ ಸೇರಿತು. ಹಾಲಿನವನು ಬಿಸಿ ಮಾಡಿ ಅಂದ. ಪೇಪರ್ ಹಾಕುವವನು ತಣ್ಣೀರು ಹಾಕಿ ಅಂದ. ಯಾರೋ ಒಬ್ಬರು ಸುಮ್ನೆ ನಿಂತು, ಹತ್ತು ನಿಮಿಷ ನೋಡಿ, 'ಮಾರಿಬಿಡಿ' ಅಂತ ಹೇಳಿ ಹೋದರು. ಹತ್ತೂವರೆಗೆ ಪೈಪ್ ಬಗ್ಗಿತು. ಬುಷ್ ಬಗ್ಗಲಿಲ್ಲ.

ಎದುರು ಮನೆಯ ಹಿರಿಯರು ಎಚ್‌ಎಂಟಿಯಲ್ಲಿ ಲೇತ್ ಮೇಲೆ ಇಡೀ ಸರ್ವೀಸ್ ಮುಗಿಸಿದವರು. ಬೆಳಗಿನಿಂದ ಕಾಂಪೌಂಡಿಗೆ ಒರಗಿ ನೋಡುತ್ತಲೇ ಇದ್ದರು. ಪೈಪ್ ಬಗ್ಗಿದ ಮೇಲೆ ನಿಧಾನವಾಗಿ ರಸ್ತೆ ದಾಟಿ ಬಂದು, ಪಂಚೆ ಎತ್ತಿ ಕಟ್ಟಿ ಕೂತರು. ಬುಷ್‌ನ ತಲೆ ಮೇಲಿದ್ದ ಗ್ರೀಸು, ಮಣ್ಣು ಸೇರಿ ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗಿತ್ತು. ಅದನ್ನು ಹೆಬ್ಬೆರಳ ಉಗುರಿನಿಂದ ಕೆರೆದರು. ಕೆಳಗೆ, ಆರು ಮೂಲೆಯ ತಲೆಯ ಸುತ್ತ, ನೂಲಿನಷ್ಟು ಸಣ್ಣ ಗೀರು ಕಾಣಿಸಿತು.

'ಇದು ಕೊರೆದಿರೋ ಗೀರು. ಸವೆದಿದ್ದಲ್ಲ' ಅಂದರು. 'ಎಡ ಥ್ರೆಡ್ ಅಂತ ಗುರುತು. ಚಿಕ್ಕವನಿದ್ದಾಗ ಸೈಕಲ್ಲಿನ ಎಡ ಪೆಡಲ್ ಬಿಚ್ಚಿಲ್ವೇನೋ?'

ಬಿಚ್ಚಿದ್ದೆ! ಎಡ ಪೆಡಲ್ಲಿಗೆ ಉಲ್ಟಾ ಥ್ರೆಡ್, ಬಿಚ್ಚೋಕೆ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ತಿರುಗಿಸಬೇಕು ಅಂತ ಹತ್ತು ವರ್ಷದ ಹುಡುಗನಾಗಿದ್ದಾಗಲೇ ನನಗೆ ಗೊತ್ತಿತ್ತು. ಈ ಶ್ಯಾಕಲ್ಲಿಗೂ ಒಂದು ಕಾಲು ಬಲ, ಒಂದು ಕಾಲು ಎಡ. ಎರಡು ಗಂಟೆ ಹೊತ್ತು ನಾನು, ಹುಡುಗ, ಪೈಪ್ ಮೂವರೂ ಸೇರಿ ಅದನ್ನು ಜೀವಮಾನಕ್ಕಾಗುವಷ್ಟು ಬಿಗಿ ಮಾಡಿದ್ದೆವು. ಈಗ ಆ ಕಡೆಯಿಂದ ಈ ಕಡೆಗೆ ಎಳೆಯೋಕೆ ಇನ್ನೊಂದು ಗಂಟೆ ಹಿಡಿಯಿತು. 'ಕ್ರಕ್' ಅಂತ ಅದು ಬಿಟ್ಟುಕೊಟ್ಟಾಗ ಹಾಲಿನವನು ಚಪ್ಪಾಳೆ ತಟ್ಟಿದ. ಆತ ಇನ್ನೂ ಅಲ್ಲೇ ಇದ್ದ. ಆವತ್ತು ಎಷ್ಟು ಮನೆಯ ಹಾಲು ಒಡೆಯಿತೋ.

ಶಿವಾಜಿನಗರಕ್ಕೆ ಮತ್ತೆ ಹೋದೆ. ಮುದುಕರು ನನ್ನನ್ನು ನೋಡಿದ್ದೇ ತಡ, ಸ್ಟೂಲಿನ ಕೆಳಗಿಂದ ಒಂದು ಪೊಟ್ಟಣ ತೆಗೆದು ಮುಂದಿಟ್ಟರು. ಬಿಚ್ಚಿ ನೋಡಿದರೆ ಶ್ಯಾಕಲ್, ಜೊತೆಗೆ ಗೀರು ಇರುವ ಬುಷ್. ನನಗಾಗಿ ಆವತ್ತೇ ಎತ್ತಿಟ್ಟಿದ್ದರು. 'ಎಲ್ಲಾ ಸೀದಾ ಅಂದಿದ್ರಿ' ಅಂತ ಕೂಡ ಹೇಳಲಿಲ್ಲ. ಹೇಳಿದ್ದರೆ ವಾಸಿ ಇತ್ತು.

ಹಾಕುವ ಕೆಲಸ ಎದುರು ಮನೆಯವರ ಉಸ್ತುವಾರಿಯಲ್ಲೇ ನಡೆಯಿತು. ಮೇಲಿನ ಬುಷ್ ಒಂದಿಷ್ಟು, ಕೆಳಗಿನದು ಒಂದಿಷ್ಟು, ಸರದಿಯ ಮೇಲೆ. ಚಾಸಿ ಕಡೆಯದು ಬಿಗಿಯಾಗಿ ಕೂರಬೇಕು, ಪಟ್ಟಿಯ ಕಣ್ಣಿನ ಕಡೆ ಮಾತ್ರ ಕೂದಲೆಳೆಯಷ್ಟು ಜಾಗ ಬಿಡಬೇಕು, ಇಲ್ಲದಿದ್ದರೆ ಉಯ್ಯಾಲೆ ಆಡಲ್ಲ. ಆ ಜಾಗಕ್ಕೆ ಅವರು ಹಳೇ ಪೋಸ್ಟ್‌ಕಾರ್ಡ್ ತೂರಿಸಿ ನೋಡಿದರು. ಗ್ರೀಸ್ ಗನ್ ಮಾತ್ರ ನನಗೆ ಕೊಟ್ಟರು, ಮಗುವಿಗೆ ಪಿಚಕಾರಿ ಕೊಟ್ಟ ಹಾಗೆ.

ಆಯುಧಪೂಜೆ ದಿನ ಗಾಡಿಗೆ ಬಾಳೆಕಂದು, ಚೆಂಡುಹೂವು. ಬೂದಗುಂಬಳ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದೆ. ಬರೀ 'ಪಚ್' ಅಂತ ನಿಂಬೆಹಣ್ಣಿನ ಶಬ್ದ. ಗಾಂಧಿ ಬಜಾರಿನವರೆಗೆ ಒಂದು ಸುತ್ತು ಹೋಗಿ ಬಂದೆ. ಸ್ಟೀರಿಂಗ್ ಅರ್ಜಿ ಸ್ಥಳದಲ್ಲೇ ಮಂಜೂರು. ನಮ್ಮ ರಸ್ತೆಯ ಹಂಪ್‌ಗಳನ್ನು ಬೆಕ್ಕಿನ ಹಾಗೆ ದಾಟಿ, ಚಕ್ರಕ್ಕೆ ಕಲ್ಲು ಕೊಟ್ಟು ಒಳಗೆ ಬಂದೆ.

ಒಲೆ ಆರಿತ್ತು. ಅಮ್ಮ ಟೀವಿ ಮುಂದೆ ಕೂತಿದ್ದರು.

'ಯಾವಾಗ ಬಂದ್ಯೋ? ಶಬ್ದವೇ ಆಗಲಿಲ್ಲ' ಅಂದರು. ನಾನು ಎದೆಯುಬ್ಬಿಸಿ ನಿಂತೆ. ಅವರು ಹಾಲಿನ ಪಾತ್ರೆ ತೊಳೆಯುತ್ತಾ, 'ಆ ಹಾರ್ನ್ ಒಂದು ರಿಪೇರಿ ಮಾಡಿಸು ಹಾಗಾದ್ರೆ' ಅಂದರು. 'ನೀನೇ ಮಾಡೋಕೆ ಹೋಗ್ಬೇಡ.'