ಬಾಲ ಯಾವ ಬಣ್ಣ?

ಕಾಲ್ಚೀಲ ಇನ್ನೂ ಒದ್ದೆಯಾಗಿದೆ. ಕಾರಣ ನಮ್ಮ ಯಜಮಾನರ ಕೂಗು: "ಬಾರೇ ಬೇಗ, ನಿನ್ನ ದುಂಬಿ ಬಂದಿದೆ!"

ಬಂದಿದ್ದು ಎಂದಿನಂತೆ ನೊಣ.

ದಕ್ಷಿಣ ಇಂಗ್ಲೆಂಡಿನ ಚಳಿಗಾಲದಲ್ಲಿ ನನ್ನ ಹಾಗೆ ದುಂಬಿಯನ್ನು, ಅಂದರೆ ಬಂಬಲ್‌ಬೀ ಎಂಬ ತುಪ್ಪಳದ ದಪ್ಪ ಜೇನನ್ನು, ಹುಡುಕಿ ದಾಖಲಿಸುವವರಿಗೆಲ್ಲ ಡ್ರೋನ್ ಫ್ಲೈ ಎಂಬ ಈ ನೊಣ ಗೊತ್ತು. ಚೂರು ಬಿಸಿಲು ಬಿದ್ದರೆ ಸಾಕು, ಜೇನಿನ ವೇಷ ಹಾಕಿಕೊಂಡು ಹೊರಡುತ್ತದೆ. ನೊಣಕ್ಕೆ ಎರಡೇ ರೆಕ್ಕೆ, ದುಂಬಿಗೆ ನಾಲ್ಕು. ನೊಣಕ್ಕೆ ಮುಖದ ತುಂಬ ಕಣ್ಣು, ಮೀಸೆ ಮಾತ್ರ ಮೋಟು. ಇದನ್ನು ಇವರಿಗೆ ಎಷ್ಟು ಸಲ ಹೇಳಿಲ್ಲ! "ಹಾರ್ತಾ ಇರೋದರ ರೆಕ್ಕೆ ಎಣಿಸೋಕೆ ನಾನೇನು ಆಡಿಟರಾ?" ಅಂತಾರೆ. ಕಪ್ಪಗಿದ್ದು ಅಲ್ಲಾಡಿದರೆ ದುಂಬಿ, ಇದು ಇವರ ಸಿದ್ಧಾಂತ. ಅಲ್ಲಾಡದಿದ್ದರೂ ದುಂಬಿಯೇ. ಬೇಲಿಗೆ ಸಿಕ್ಕಿಕೊಂಡಿದ್ದ ಕರಿ ಉಣ್ಣೆಯ ಚೂರನ್ನೂ ಒಮ್ಮೆ ನನ್ನನ್ನು ಓಡಿಸಿ ತೋರಿಸಿದ್ದಾರೆ. "ಪಾಪ, ಚಳಿಗೆ ಮರಗಟ್ಟಿದೆ ಅನ್ಸುತ್ತೆ" ಅಂತ ಕನಿಕರ ಬೇರೆ.

ಅಸಲಿ ದುಂಬಿ ಬಂದರೂ ಸುಖವಿಲ್ಲ. ಚಳಿಯಲ್ಲೇ ಹೂಬಿಡುವ ಮಹೋನಿಯಾ ಪೊದೆಯ ಹಳದಿ ಗೊಂಚಲಿಗೆ ಮುಖ ಹುದುಗಿಸಿ, ಹಿಂಭಾಗವನ್ನಷ್ಟೇ ನನಗೆ ದಯಪಾಲಿಸುತ್ತದೆ. ಮುಳ್ಳೆಲೆ ಚುಚ್ಚಿಸಿಕೊಂಡು ಫೋಟೊ ತೆಗೆದು, ಏನು, ಎಲ್ಲಿ, ಯಾವಾಗ, ಯಾರು ನೋಡಿದ್ದು ಎಂದೆಲ್ಲ ತುಂಬಿ ದುಂಬಿಗಳ ದಾಖಲೆ ಇಡುವವರಿಗೆ ಕಳಿಸಿದರೆ ಅಲ್ಲಿನ ಪರಿಶೀಲಕರ ಉತ್ತರ ಬರುತ್ತದೆ: ಇದು ಕೆಲಸಗಾರ ದುಂಬಿ, ಬಫ್-ಟೇಲ್ಡ್, ವೈಟ್-ಟೇಲ್ಡ್ ಎಂಬ ಎರಡು ಜಾತಿಗಳಲ್ಲೂ ಕೆಲಸಗಾರರ ಬಾಲ ಬೆಳ್ಳಗೇ ಕಾಣುವುದರಿಂದ ಫೋಟೊ ನೋಡಿ ಹೇಳಲಾಗದು. ಬಫ್-ಟೇಲ್ಡ್ ರಾಣಿಯಾದರೆ ಬಾಲ ಮಾಸಲು ಹಳದಿ, ತಕರಾರಿಲ್ಲ. ಆದರೆ ಮಹಾರಾಣಿಯವರು ನಿಲ್ಲಬೇಕಲ್ಲ!

ಆದರೂ ಕಾಲಿಗೆ ಪರಾಗದ ಉಂಡೆ ಅಂಟಿಸಿಕೊಂಡ ಕೆಲಸಗಾರಳನ್ನು ಜನವರಿಯಲ್ಲಿ ಕಂಡರೆ ಕೋಪ ಇಳಿದುಹೋಗುತ್ತದೆ. ವಾಡಿಕೆಯಂತೆ ಚಳಿ ಬರುವ ಮೊದಲೇ ಗೂಡಿನವರೆಲ್ಲ ಸತ್ತು, ಹೊಸ ರಾಣಿಯರು ಮಾತ್ರ ಮಣ್ಣೊಳಗೆ ಒಂಟಿಯಾಗಿ ಮಲಗಿರಬೇಕು. 1990ರ ದಶಕದಿಂದೀಚೆಗೆ ಈ ಭಾಗದ ಕೆಲವು ಬಫ್-ಟೇಲ್ಡ್ ರಾಣಿಯರು ಮಲಗುವುದು ಬಿಟ್ಟು ಚಳಿಯಲ್ಲೇ ಸಂಸಾರ ಹೂಡುತ್ತಿದ್ದಾರೆ. ಪರಾಗ ಹೊತ್ತಿದ್ದಾಳೆ ಅಂದರೆ ನೆಲದಡಿ ಎಲ್ಲೋ ಮರಿಗಳು ಹಸಿದಿವೆ. ಎದೆಯ ಸ್ನಾಯು ನಡುಗಿಸಿ, ಮೈಯನ್ನು ಸುಮಾರು 30 ಡಿಗ್ರಿಗೆ ಕಾಯಿಸಿಕೊಂಡ ಮೇಲೇ ಅವಳು ಹಾರಬೇಕು. ಮಳೆ ಹಿಡಿದ ದಿನ ಆ ಮರಿಗಳ ಗತಿ ಏನೋ.

ಇನ್ನು ಮೊನ್ನೆ ಭಾನುವಾರದ ಅನ್ಯಾಯ ಕೇಳಿ. ನಾನು ಸ್ನಾನದಲ್ಲಿದ್ದೆ. ಇವರು ಕೂಗಿದರು, ನಾನು ನಂಬಲಿಲ್ಲ. ಹೊರಬಂದಾಗ ಇವರ ಮೊಬೈಲಿನಲ್ಲಿ ಒಂದು ಫೋಟೊ: ಅರ್ಧ ಇವರದೇ ಹೆಬ್ಬೆರಳು, ಇನ್ನರ್ಧದಲ್ಲಿ ಅಚ್ಚುಕಟ್ಟಾಗಿ ಮಾಸಲು ಹಳದಿ ಬಾಲ. ರಾಣಿ! "ಯಾರು ನೋಡಿದ್ದು" ಎಂಬಲ್ಲಿ ನಾನೇ ಕೈಯಾರೆ ಇವರ ಹೆಸರು ಬರೆದೆ. ಸಂಜೆಯೊಳಗೆ ದೃಢೀಕರಣವೂ ಬಂತು, ಒಂದು ಪ್ರಶ್ನೆ ಇಲ್ಲದೆ.

ಈಗ ಪಕ್ಕದ ಕೋಣೆಯಲ್ಲಿ ತಮ್ಮನಿಗೆ ಫೋನಿನಲ್ಲಿ ಪಾಠ ನಡೆಯುತ್ತಿದೆ: "ಮೊದಲು ರೆಕ್ಕೆ ಎಣಿಸಬೇಕು ಕಣೋ. ನಿಮ್ಮ ಅತ್ತಿಗೆಗೆ ಅಷ್ಟು ತಾಳ್ಮೆ ಎಲ್ಲಿ?"