ಎಲಾಸ್ಟಿಕ್ಕಿನ ಗೆರೆ

ಕಳೆದ ಭಾನುವಾರ ನನ್ನ ಒಂದು ಗಂಟೆ ನಲವತ್ತು ನಿಮಿಷ ತಿಂದದ್ದು ಒಂದು ಜೊತೆ ಸಾಕ್ಸು. ಅದೂ ನನ್ನದಲ್ಲ.

ನೀವೊಂದು ಕೆಲಸ ಮಾಡಿ. ಇವತ್ತು ರಾತ್ರಿ ಬಟ್ಟೆ ಬದಲಾಯಿಸುವಾಗ ಸೊಂಟದ ಕಡೆ ಒಮ್ಮೆ ನೋಡಿಕೊಳ್ಳಿ. ಬೆಲ್ಟಿನದ್ದೋ, ಲಾಡಿಯದ್ದೋ, ಎಲಾಸ್ಟಿಕ್ಕಿನದ್ದೋ ಒಂದು ಗೆರೆ ಸುತ್ತಲೂ ಹೋಗಿರುತ್ತದೆ. ನೀವು ಅದನ್ನು ಪರಪರ ಕೆರೆದುಕೊಂಡು, ಅದರ ಸುಖವನ್ನೂ ಅನುಭವಿಸಿ ಮಲಗಿಬಿಡುತ್ತೀರಿ. ನಾನು ಮಾತ್ರ ಆ ಗೆರೆಯ ಜೊತೆ ಹನ್ನೊಂದು ವರ್ಷದಿಂದ ಗುದ್ದಾಡುತ್ತಿದ್ದೇನೆ.

ನನ್ನ ಕೆಲಸ ಬೆತ್ತಲೆ ದೇಹದ ಫೋಟೋ ತೆಗೆಯುವುದು, ಮತ್ತು ತೆಗೆಯುವುದನ್ನು ಕಲಿಸುವುದು. ಎರಡು ತಿಂಗಳಿಗೊಮ್ಮೆ ಬನಶಂಕರಿಯ ನಮ್ಮ ಮನೆಯ ಮಹಡಿ ಹಾಲಿನಲ್ಲಿ ಆರು ಜನಕ್ಕೆ ವರ್ಕ್‌ಶಾಪ್. ನೆಂಟರಿಷ್ಟರಿಗೆ ‘ಫೈನ್ ಆರ್ಟ್’ ಅಂತಷ್ಟೇ ಹೇಳಿದ್ದೇವೆ. ನಮ್ಮ ಸೋದರತ್ತೆ ಅದು ತಂಜಾವೂರು ಪೇಂಟಿಂಗಿಗೆ ಸಂಬಂಧಪಟ್ಟಿದ್ದು ಅಂದುಕೊಂಡಿದ್ದಾರೆ. ನಾವು ತಿದ್ದಲು ಹೋಗಿಲ್ಲ.

ಈ ಕೆಲಸದಲ್ಲಿ ಬೆಳಕೇ ಎಲ್ಲ. ಎದುರಿನಿಂದ ಲೈಟು ಹಾಕಿದರೆ ದೇಹ ಆಧಾರ್ ಕಾರ್ಡಿನ ಫೋಟೋ ಥರ ಚಪ್ಪಟೆ. ಅದೇ ಬೆಳಕನ್ನು ಒಂದೇ ಪಕ್ಕದಿಂದ, ಚರ್ಮ ಸವರಿಕೊಂಡು ಹೋಗುವ ಹಾಗೆ ಬಿಟ್ಟರೆ ಬೆನ್ನುಮೂಳೆ ಘಟ್ಟದ ದಾರಿಯಾಗುತ್ತದೆ, ಹೆಗಲು ಗುಡ್ಡವಾಗುತ್ತದೆ. ಶ್ರವಣಬೆಳಗೊಳದ ಗೊಮ್ಮಟ ನಿಂತಿರುವುದು ಉತ್ತರಕ್ಕೆ ಮುಖ ಮಾಡಿ. ವರ್ಷದ ಬಹುಪಾಲು ದಿನ ಬಿಸಿಲು ಮುಖಕ್ಕೆ ನೇರ ಬೀಳುವುದೇ ಇಲ್ಲ. ಬೆಳಿಗ್ಗೆ ಒಂದು ಪಕ್ಕದಿಂದ ಬರುತ್ತದೆ, ಸಂಜೆ ಇನ್ನೊಂದು ಪಕ್ಕದಿಂದ. 57 ಅಡಿಯ ಕಲ್ಲು ಅಷ್ಟು ಮೆತ್ತಗೆ ಕಾಣುವುದರಲ್ಲಿ ಶಿಲ್ಪಿಯ ಪಾಲೆಷ್ಟೋ ದಿಕ್ಕಿನ ಪಾಲೂ ಅಷ್ಟೇ ಅಂತ ನನ್ನ ವಾದ. ಇನ್ನೊಂದು ವಿಷಯ ಗಮನಿಸಿ: ಕಾಲಿಗೆ ಸುತ್ತಿಕೊಂಡ ಆ ಬಳ್ಳಿ ಸಾವಿರ ವರ್ಷವಾದರೂ ಒಂದು ಗುರುತು ಬೀಳಿಸಿಲ್ಲ.

ಮನುಷ್ಯರ ಕಾಲು ಹಾಗಲ್ಲ. ಪಕ್ಕದ ಬೆಳಕಿಗೆ ಎಲಾಸ್ಟಿಕ್ಕಿನ ಗೆರೆ ವಿಶ್ವೇಶ್ವರಯ್ಯ ನಾಲೆಯಾಗುತ್ತದೆ. ಅದಕ್ಕೇ ಮಾಡೆಲ್‌ಗೆ ಹಿಂದಿನ ದಿನವೇ ಮೆಸೇಜು ಹಾಕುತ್ತೇನೆ: ‘ರಾತ್ರಿಯಿಂದ ಬಿಗಿಯಾದದ್ದೇನೂ ಬೇಡ. ಸಡಿಲವಾಗಿ ಲುಂಗಿ ಉಟ್ಟುಕೊಂಡು ಬಾ. ವಾಚು ಬೇಡ, ಕೈಗೆ ಕಾಶಿದಾರ ಬೇಡ. ಉಡಿದಾರ ಇದ್ದರೆ ಮೊದಲೇ ಹೇಳು.’

ಈ ಸಲದ ಮಾಡೆಲ್ ನಾಟಕದ ಹುಡುಗ. ನನ್ನ ಜೊತೆ ಇದು ಅವನ ಐದನೇ ವರ್ಕ್‌ಶಾಪು, ಎಲ್ಲ ಗೊತ್ತಿರುವವನು. ಚುಮುಚುಮು ಚಳಿಯಲ್ಲಿ ಬೊಮ್ಮನಹಳ್ಳಿಯಿಂದ ಬೈಕಿನಲ್ಲಿ ಬಂದ. ಜೀನ್ಸು, ಶೂ, ಸಾಕ್ಸು.

“ಲುಂಗಿ ಅಂದಿದ್ನಲ್ಲೋ?”

“ಸರ್, ಲುಂಗಿ ಉಟ್ಕೊಂಡು ರಿಂಗ್ ರೋಡಲ್ಲಿ ಬೈಕ್ ಓಡ್ಸಿದ್ರೆ ನಿಮ್ಮ ವರ್ಕ್‌ಶಾಪು ಸಿಲ್ಕ್ ಬೋರ್ಡಲ್ಲೇ ಶುರು ಆಗೋಗ್ತಿತ್ತು.”

ಮಾತು ಸರಿಯೇ. ಸೊಂಟದ ಗೆರೆಗೆ ಅವನೇ ಉಪಾಯ ಮಾಡಿಕೊಂಡಿದ್ದ, ಎರಡು ಸೈಜು ದೊಡ್ಡ ಜೀನ್ಸು, ಅಣ್ಣನದು. ಆದರೆ ಸಾಕ್ಸು? ಫುಟ್‌ಪಾತಿನಲ್ಲಿ ನೂರು ರೂಪಾಯಿಗೆ ಮೂರು ಜೊತೆ ಕೊಡುವ ಜಾತಿಯದು. ಬೆಲೆ ಕಮ್ಮಿಯಾದಷ್ಟೂ ಸಾಕ್ಸಿನ ಎಲಾಸ್ಟಿಕ್ಕಿಗೆ ಹಿಡಿತ ಜಾಸ್ತಿ ಅನ್ನುವುದು ನನ್ನ ಹನ್ನೊಂದು ವರ್ಷದ ಸಂಶೋಧನೆ. ಬಿಚ್ಚಿದ. ಮೀನಖಂಡದ ಕೆಳಗೆ ಎರಡೂ ಕಾಲಿಗೆ ಕಡಗ ತೊಡಿಸಿದ ಹಾಗೆ ಕೆಂಪು ಗೆರೆ, ಅದರೊಳಗೆ ಹೆಣಿಗೆಯ ಒಂದೊಂದು ಎಳೆಯೂ ಲೆಕ್ಕಕ್ಕೆ ಸಿಗುತ್ತಿತ್ತು.

ಹೋಗಲಿ, ಅರ್ಧ ಗಂಟೆಯಲ್ಲಿ ಮಾಯುತ್ತದೆ ಅಂತ ಕೂರಿಸಿದೆ. ಪಂಚೆ ಸುತ್ತಿಕೊಂಡು ಕುರ್ಚಿಯಲ್ಲಿ ಕೂತ, ಕಾಲು ಸ್ಟೂಲಿನ ಮೇಲೆ. ಸುತ್ತ ಆರು ಜನ: ಇಬ್ಬರು ಸಾಫ್ಟ್‌ವೇರಿನವರು, ಒಬ್ಬರು ಹಲ್ಲಿನ ಡಾಕ್ಟರಮ್ಮ, ಚಿತ್ರಕಲೆ ಓದುವ ಒಬ್ಬ ಹುಡುಗಿ, ಮದುವೆ ಫೋಟೋ ತೆಗೆಯುವ ಹಾಸನದ ಒಬ್ಬರು, ಮತ್ತು ರಿಟೈರಾದ ಬ್ಯಾಂಕ್ ಮ್ಯಾನೇಜರು. ಮೊಬೈಲೆಲ್ಲ ನನ್ನ ನಿಯಮದಂತೆ ಬಾಗಿಲ ಹೊರಗೆ, ತರಕಾರಿ ಬುಟ್ಟಿಯಲ್ಲಿ. ಹಾಗಾಗಿ ನೋಡಲು ಬೇರೇನೂ ಇಲ್ಲ. ಎಲ್ಲರೂ ಕಾಲು ನೋಡುತ್ತಾ ಕೂತರು.

ಹತ್ತು ನಿಮಿಷವಾಯಿತು. ಗೆರೆ ಇದ್ದ ಹಾಗೇ ಇದೆ. ಡಾಕ್ಟರಮ್ಮ, “ಬಿಸಿನೀರಿನ ಬಟ್ಟೆ ಇಡಿ, ರಕ್ತ ಓಡಾಡುತ್ತೆ” ಅಂದರು. ಹಲ್ಲಿನವರಾದರೂ ಡಾಕ್ಟರು ಡಾಕ್ಟರೇ. ಕೆಳಗೆ ಹೋಗಿ ಹೆಂಡತಿಯನ್ನು ಬಿಸಿನೀರು ಕೇಳಿದೆ. “ಯಾಕ್ರೀ, ಯಾರಿಗಾದ್ರೂ ಹೆರಿಗೆಯಾ?” ಬಟ್ಟೆ ಇಟ್ಟೆವು. ಗೆರೆಯ ಜೊತೆಗೆ ಸುತ್ತಲಿನ ಕಾಲೂ ಕೆಂಪಾಯಿತು. ಹಾಸನದವರು ಕೊಬ್ಬರಿ ಎಣ್ಣೆ ತಿಕ್ಕಿ ಅಂದರು. ತಿಕ್ಕಿದ್ದೂ ಆಯಿತು. ಈಗ ಗೆರೆ ಫಳಫಳ ಹೊಳೆಯತೊಡಗಿತು. ಎಣ್ಣೆ ಹೋಗಿಸಲು ಕಡಲೆಹಿಟ್ಟು. ಕಡಲೆಹಿಟ್ಟು ಕೇಳಲು ಹೋದಾಗ ಹೆಂಡತಿ ಏನೂ ಕೇಳಲಿಲ್ಲ. ಡಬ್ಬಿಯನ್ನೇ ಕೈಗೆ ಕೊಟ್ಟು, “ಬಜ್ಜಿ ಕರಿಯೋದಾದ್ರೆ ಕೆಳಗೇ ಬನ್ನಿ” ಅಂದಳು. ಮಾಡೆಲ್‌ಗೆ ಗಂಟೆ ಲೆಕ್ಕದಲ್ಲಿ ದುಡ್ಡು. ಕಾಯುವ ಮೀಟರೂ ನನ್ನದೇ. ಅವನಿಗೆ ಮಾತ್ರ ನಿದ್ದೆ ಬಂದಿತ್ತು.

ಅಷ್ಟರಲ್ಲಿ ಮ್ಯಾನೇಜರು ಪಿಸುಗುಟ್ಟಿದರು. “ಸರ್, ಇದಕ್ಕೆ ಪೊಲೀಸ್‌ನೋರದ್ದು ಏನೂ...” ಈ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಬರುತ್ತದೆ. ಬೆತ್ತಲೆ ಅನ್ನುವ ಒಂದೇ ಕಾರಣಕ್ಕೆ ಚಿತ್ರ ಅಶ್ಲೀಲ ಆಗುವುದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಅವನು ಮದುವೆಯಾಗಲಿದ್ದವಳ ಫೋಟೋ ಅಚ್ಚು ಹಾಕಿದ ಪತ್ರಿಕೆಗಳ ಕೇಸು ಅಂತ ಬಿಡಿಸಿ ಹೇಳಿದೆ. ಮ್ಯಾನೇಜರು ಗಂಭೀರವಾಗಿ ಕೇಳಿಸಿಕೊಂಡು, “ಬೆಕರ್ ಸರ್ವೀಸು ಬಹಳ ಚೆನ್ನಾಗಿತ್ತು ಸರ್” ಅಂದರು.

ಇನ್ನು ಹೀಗೇ ಕೂತರೆ ಆಗದು ಅಂತ ತರಕಾರಿ ಬುಟ್ಟಿಯ ಮೂಲ ನಿವಾಸಿಯಾದ ದಪ್ಪ ಮೆಣಸಿನಕಾಯಿ ಒಂದನ್ನು ತಂದೆ. 1930ರಲ್ಲಿ ಅಮೆರಿಕದ ಎಡ್ವರ್ಡ್ ವೆಸ್ಟನ್ ಇಂಥದ್ದೇ ಒಂದನ್ನು ತಗಡಿನ ಆಲಿಕೆಯೊಳಗೆ ಕೂರಿಸಿ ಫೋಟೋ ತೆಗೆದ. ‘ಪೆಪ್ಪರ್ ನಂಬರ್ 30’. ನೋಡಿದರೆ ಯಾರೋ ಬೆನ್ನು ಬಾಗಿಸಿ, ತಮ್ಮನ್ನು ತಾವೇ ತಬ್ಬಿಕೊಂಡು ಕೂತ ಹಾಗಿದೆ. ನಂಬರ್ ಮೂವತ್ತು ಅಂದ ಮೇಲೆ ಆ ಮನೆಯಲ್ಲಿ ಆಗ ಎಷ್ಟು ದಿನ ಇದರದ್ದೇ ಪಲ್ಯವೋ! ನಾನು ಎಣ್ಣೆ ಸುರಿಯುವ ಆಲಿಕೆಯಲ್ಲಿ ಮೆಣಸಿನಕಾಯಿ ಇಟ್ಟು, ಒಂದು ಪಕ್ಕದಿಂದ ಲೈಟು ಬಿಟ್ಟೆ. ಆರೂ ಜನ ಮುಗಿಬಿದ್ದರು. ಮೂಗು ತಾಗುವಷ್ಟು ಹತ್ತಿರ. ಒಬ್ಬರು ನೆಲದ ಮೇಲೆ ಮಲಗಿಯೇಬಿಟ್ಟರು. ತಮಾಷೆ ನೋಡಿ, ತರಕಾರಿಯಾದರೆ ಎಲ್ಲರೂ ಇಷ್ಟು ಹತ್ತಿರ ಹೋಗುತ್ತಾರೆ. ಮನುಷ್ಯನಾದರೆ ಎಲ್ಲರಿಗೂ ಜೂಮ್ ಲೆನ್ಸ್ ನೆನಪಾಗುತ್ತದೆ.

ಮ್ಯಾನೇಜರು ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅಂತ, ಕೇಳಲು ಶುರು ಮಾಡಿದ್ದು ಇಲ್ಲಿಂದ. “ಇದು ಎಷ್ಟು ಅಪರ್ಚರ್ ಸರ್?” ಎಫ್ 11 ಅಂದೆ. ಬ್ಯಾಂಕಿನ ಹಳೇ ಡೈರಿಯಲ್ಲಿ ಬರೆದುಕೊಂಡರು. ಮೆಣಸಿನಕಾಯಿ ತಿರುಗಿಸಿದೆ. “ಈಗ?” ಅದೇ ಸರ್. ಮತ್ತೆ ಬರೆದುಕೊಂಡರು.

ಕೊನೆಗೆ ಒಂದು ಗಂಟೆ ನಲವತ್ತು ನಿಮಿಷದ ಮೇಲೆ ಬಲಗಾಲು ಚೊಕ್ಕವಾಯಿತು. ಎಡಗಾಲಿನಲ್ಲಿ ಇನ್ನೂ ತೆಳ್ಳಗೆ ಇತ್ತು. ನಾನು ಇನ್ನೂ ಹತ್ತು ನಿಮಿಷ ಅಂದಾಗ ಹುಡುಗ ಎದ್ದೇ ನಿಂತ. “ಸರ್, ನೀವೇ ಪ್ರತಿ ಸಲ ಆ ಹೇರ್‌ಪಿನ್ ಕಥೆ ಹೇಳ್ತೀರಲ್ಲ.”

ಹೇಳುತ್ತೇನೆ, ನಿಜ. 1936ರಲ್ಲಿ ಅದೇ ವೆಸ್ಟನ್ ಕ್ಯಾರಿಸ್ ವಿಲ್ಸನ್ ಎಂಬಾಕೆಯ ಚಿತ್ರ ತೆಗೆದ. ತಲೆ ತಗ್ಗಿಸಿ, ಮಂಡಿಯನ್ನು ತೋಳಿಂದ ಬಳಸಿ ಕೂತ ಆ ಚಿತ್ರವನ್ನು ಲೋಕವೇ ಮೆಚ್ಚಿದೆ. ವೆಸ್ಟನ್‌ಗೆ ಮಾತ್ರ ಬಲತೋಳಿನ ನೆರಳು ಸಮಾಧಾನವಿಲ್ಲ. ಆಕೆಗೆ ತನ್ನ ಸೊಟ್ಟ ಬೈತಲೆಯೂ ತಲೆಯ ಪಿನ್ನುಗಳೂ ಕಿರಿಕಿರಿ. ಕಥೆ ಹೇಳುವಾಗ ನಾನು ಬಹಳ ತೂಕವಾಗಿ ಹೇಳುತ್ತೇನೆ. ನನ್ನದೇ ಹಾಲಿನಲ್ಲಿ ಎಡಗಾಲಿನ ಒಂದು ಗೆರೆ ತಡೆದುಕೊಳ್ಳಲಾಗುವುದಿಲ್ಲ.

ಶುರು ಮಾಡಿದೆವು. ಪಂಚೆ ತೆಗೆದು ಅವನು ಬೆಳಕಿಗೆ ಬಂದ ಕೂಡಲೇ ಎಂದಿನಂತೆ ಆರೂ ಜನಕ್ಕೆ ಕ್ಯಾಮೆರಾದಲ್ಲಿ ಕೆಲಸ ಬಂತು. ಒಬ್ಬರು ಲೆನ್ಸ್ ಒರೆಸಿದರು, ಇನ್ನೊಬ್ಬರು ಬ್ಯಾಟರಿ ತೆಗೆದು ಹಾಕಿದರು. ಹಾಸನದವರು ಇಪ್ಪತ್ತು ವರ್ಷದ ಅಭ್ಯಾಸಬಲದಿಂದ, “ಸರ್, ಒಂದು ಕೈ ಜೇಬಲ್ಲಿಟ್ಕೊಳಿ” ಅಂದುಬಿಟ್ಟರು. ಒಂದು ಕ್ಷಣ ಹಾಲು ನಿಶ್ಶಬ್ದ. “ಯಾವ ಜೇಬು ಸರ್?” ಅಂದ ಹುಡುಗ, ಅಷ್ಟೇ ವಿನಯವಾಗಿ. ಆಮೇಲೆ ಎಲ್ಲರೂ ನಕ್ಕು, ಉಸಿರು ಬಿಟ್ಟು, ನೋಡುವುದಕ್ಕೆ ಶುರು ಮಾಡಿದರು. ನನ್ನ ಯಾವ ಪಾಠದಿಂದಲೂ ಆಗದ್ದು ಆ ಜೇಬಿನಿಂದ ಆಯಿತು.

ಮ್ಯಾನೇಜರು ಮಾತ್ರ ತಲೆ ಎತ್ತಲಿಲ್ಲ. “ಎಷ್ಟು ಅಪರ್ಚರ್ ಸರ್?” ಎಫ್ 8. ಎರಡು ನಿಮಿಷ ಬಿಟ್ಟು, “ಎಂಟೇನಾ?” ಎಂಟೇ. ಹುಡುಗ ಕೂತ. “ಕೂತ್ರೂ ಎಂಟಾ?” ಟೀ ಬಂತು. ಅದಕ್ಕೂ ಕೇಳುತ್ತಾರೇನೋ ಅಂತ ಕಾದೆ, ಬರೀ ಸಕ್ಕರೆ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ನನಗೆ ಆ ಪದ ಕೇಳಿದರೆ ಮೈ ಉರಿಯುತ್ತಿತ್ತು. ಬೈಯುವ ಹಾಗೂ ಇಲ್ಲ. ಮೊದಲ ಸಲ ಒಬ್ಬ ಹಿರಿಯರ ಸ್ಟುಡಿಯೋದಲ್ಲಿ ನಿಂತಾಗ ನಾನೂ ನಲವತ್ತು ನಿಮಿಷ ಲೈಟ್ ಮೀಟರನ್ನೇ ದಿಟ್ಟಿಸಿದ್ದೆ. ಅದರಲ್ಲಿ ಬ್ಯಾಟರಿ ಇರಲಿಲ್ಲ.

ಸಂಜೆ ಎಲ್ಲರ ಚಿತ್ರಗಳನ್ನೂ ಲ್ಯಾಪ್‌ಟಾಪಿಗೆ ಹಾಕಿದೆ. ಮ್ಯಾನೇಜರದ್ದು 212. ಅದರಲ್ಲಿ ಅರವತ್ತು ಮೆಣಸಿನಕಾಯಿ. ಆಮೇಲೆ ಪರದೆ, ನೆಲ, ಕುರ್ಚಿ ಕಾಲು, ಮತ್ತೆ ನೆಲ. ಬೇಗ ಬೇಗ ದಾಟಿಸುತ್ತಿದ್ದವನು ಒಂದರ ಹತ್ತಿರ ನಿಂತೆ. ಎಡಗಾಲು. ಮಂಡಿಯಿಂದ ಕೆಳಕ್ಕೆ ಅಷ್ಟೇ. ಪಕ್ಕದಿಂದ ಬಂದ ಬೆಳಕು ಮೀನಖಂಡ ಇಳಿದು, ಆ ತೆಳ್ಳನೆ ಗೆರೆಯಲ್ಲಿ ಒಂದು ಕ್ಷಣ ತಡೆದು, ಹಿಮ್ಮಡಿಗೆ ಹೋಗಿತ್ತು. ಆ ದಿನದ ಎಲ್ಲ ಚಿತ್ರಗಳಿಗಿಂತ ಚೆನ್ನಾಗಿತ್ತು. ನನ್ನವೂ ಸೇರಿ.

“ನಮ್ಮ ತಂದೆ ಬಸ್ ಕಂಡಕ್ಟರು ಸರ್” ಅಂದರು ಮ್ಯಾನೇಜರು, ಡೈರಿ ಮುಚ್ಚುತ್ತಾ. “ರಾತ್ರಿ ಬಂದು ಅಂಗಿ ಬಿಚ್ಚಿದ್ರೆ ಭುಜದ ಮೇಲೆ ದುಡ್ಡಿನ ಬ್ಯಾಗಿನ ಪಟ್ಟಿ ಗೆರೆ ಇರೋದು. ಅಮ್ಮ ಎಣ್ಣೆ ಹಚ್ಚೋಳು. ಬೆಳಿಗ್ಗೆ ಹೋಗಿರೋದು. ರಾತ್ರಿ ಮತ್ತೆ.”

ಯಾರೂ ಮಾತಾಡಲಿಲ್ಲ. ಅವರೇ ಮತ್ತೆ ಕೇಳಿದರು. “ಇದು ಎಷ್ಟು ಅಪರ್ಚರ್ ಬಿದ್ದಿದೆ ಸರ್?”

ಈ ಸಲ ಸಿಟ್ಟಿಲ್ಲದೆ ಫೈಲಿನ ವಿವರ ತೆರೆದು ನೋಡಿದೆ. ಕ್ಯಾಮೆರಾ ಇದ್ದದ್ದು ಆಟೋ ಮೋಡಿನಲ್ಲಿ, ಅಪರ್ಚರ್ ಎಷ್ಟು ಅಂತ ಅದೇ ತೀರ್ಮಾನಿಸಿತ್ತು. ಅದೊಂದೇ ಅಲ್ಲ, ಬೆಳಿಗ್ಗೆ ಮೆಣಸಿನಕಾಯಿಯಿಂದ ಹಿಡಿದು 212ಕ್ಕೆ 212ನ್ನೂ ಆಟೋದಲ್ಲೇ ತೆಗೆದಿದ್ದರು.

ನಿನ್ನೆ ಹುಡುಗನ ಮೆಸೇಜು ಬಂತು. ‘ಸರ್ ಮುಂದಿನ ಬ್ಯಾಚ್‌ಗೆ ಸಾಕ್ಸ್ ಹಾಕ್ಕೊಂಡ್ ಬರ್ಲಾ ಬೇಡ್ವಾ.’ ಇನ್ನೂ ಉತ್ತರ ಕೊಟ್ಟಿಲ್ಲ.